ಅಳಿಯಂದಿರ ಹಸಿರು ಗೌನು

ಎದುರುಮನೆ ದೊಡ್ಡಮ್ಮನಿಗೆ ಕಣ್ಣು ಚೆನ್ನಾಗಿ ಕಾಣಿಸತೊಡಗಿದ್ದೇ ಅಳಿಯಂದಿರ ಪಾಲಿಗೆ ಕುತ್ತಾಯಿತು. ಅದಕ್ಕೆ ಬೇರೆ ಯಾರನ್ನೂ ದೂರುವಂತಿರಲಿಲ್ಲ. ಕನ್ನಡಕ ಮಾಡಿಕೊಟ್ಟವರು ಅವರೇ.

ಅಳಿಯಂದಿರಿಗೂ ಒಂದು ಹೆಸರಿತ್ತು. ಆದರೆ ಮದುವೆಯಾಗಿ ಹೆಂಡತಿಯ ತವರಿನಲ್ಲೇ ನೆಲೆ ನಿಂತ ದಿನದಿಂದ ಇಡೀ ಬೀದಿ ಅವರನ್ನು ‘ಅಳಿಯಂದ್ರು’ ಎಂದೇ ಕರೆಯುತ್ತಿತ್ತು. ಹಾಲಿನವನೂ ಹಾಗೇ, ಅಂಚೆಯವನೂ ಹಾಗೇ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವರ ಕೆಲಸ. ಅವರೂ ಗಾಜಿನ ಹಾಗೆಯೇ. ಎದುರಿಗೆ ನಿಂತಿದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲರೂ ಅವರ ಮೂಲಕ ಆಚೆ ಇರುವುದನ್ನು ನೋಡುತ್ತಿದ್ದರು. ಆಚೆ ಇರುತ್ತಿದ್ದವರು ಸಾಮಾನ್ಯವಾಗಿ ಅವರ ಮಾವ.

ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಬಾಗಿಲಿನಷ್ಟು ಅಗಲದ ಎದೆ, ಅಂಗಡಿಯ ಬೋರ್ಡಿನ ಹಾಗೆ ಮುಖಕ್ಕೆ ಅಡ್ಡಲಾಗಿ ಮೀಸೆ. ಅವರು ಕೆಮ್ಮಿದರೆ ಬೀದಿಯ ನಾಯಿಗಳು ಸಾಲಾಗಿ ನಿಲ್ಲುತ್ತವೆ ಎಂದು ಪ್ರತೀತಿ. ಬೀದಿಯ ಸಂಘಕ್ಕೆ ಅವರೇ ಅಧ್ಯಕ್ಷರು. ಚುನಾವಣೆ ಎಂದೂ ನಡೆದಿರಲಿಲ್ಲ, ನಡೆಸೋಣ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ದಿನಾ ಬೆಳಿಗ್ಗೆ ಮಗಳು ದಂತವೈದ್ಯರ ಕ್ಲಿನಿಕ್ಕಿಗೆ ಹೊರಟ ಕೂಡಲೇ ಅವರು ಕೈಯಲ್ಲಿ ಕೋಲು ಹಿಡಿದು ವಾಕಿಂಗ್ ಹೊರಡುತ್ತಿದ್ದರು. ಅವರು ಗೇಟು ದಾಟಿದ್ದನ್ನು ನೋಡಿ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಗಡಿಯಾರ ತಪ್ಪಿದರೂ ಮೇಷ್ಟ್ರು ತಪ್ಪುವುದಿಲ್ಲ ಎಂಬುದು ಅಲ್ಲಿನ ನಂಬಿಕೆ.

ಆ ದಿನ ಅವರು ಗೇಟು ದಾಟಿದ ಮೇಲೆ ಅಳಿಯಂದಿರು ಹೊಸ ಕನ್ನಡಕ ಕೊಡಲು ಎದುರುಮನೆಯ ಮಹಡಿ ಹತ್ತಿದರು. ದೊಡ್ಡಮ್ಮ ಎರಡು ವರ್ಷದಿಂದ ಮೂಲೆಯ ದೀಪದ ಕಂಬವನ್ನು ಅಂಚೆಯವನೆಂದು ತಿಳಿದು “ಕಾಗದ ಬಂತೇನಪ್ಪಾ?” ಎಂದು ಕೇಳುತ್ತಿದ್ದವರು. ಕನ್ನಡಕ ಏರಿಸಿಕೊಂಡು ಒಮ್ಮೆ ಸುತ್ತ ನೋಡಿದರು.

“ಅಯ್ಯೋ! ಅಳಿಯಂದ್ರೇ, ನಿಮಗೆ ಇಷ್ಟೊಂದು ಬಿಳಿಕೂದಲು ಯಾವಾಗ ಬಂತು?”

“ಬಂದು ದಿನ ಆಯ್ತು ದೊಡ್ಡಮ್ಮ.”

“ನಿಮ್ಮನೆ ಗೋಡೆ ಬಿರುಕು ಬಿಟ್ಟಿದೆ! ಆ ಮೂಲೆಮನೆಯವಳು ಹರಿದ ಚಾದರ ಒಣಹಾಕಿದಾಳೆ! ಅಯ್ಯೋ, ಇಷ್ಟು ದಿನ ಎಷ್ಟೊಂದು ತಪ್ಪಿಸ್ಕೊಂಡೆ ನಾನು!” ಎಂದು ದೊಡ್ಡಮ್ಮ ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಅಳಿಯಂದಿರು ಕೆಳಗಿಳಿದರು. ಊಟದ ಡಬ್ಬಿ ಮನೆಯಲ್ಲೇ ಮರೆತದ್ದು ಆಗ ನೆನಪಾಯಿತು. ವಾಪಸು ಹೋಗಿ ಬೀಗ ತೆಗೆದು ಅಡುಗೆಮನೆಗೆ ಕಾಲಿಟ್ಟರೆ, ಮಹಡಿಯ ಮೇಲೆ ಟಕ್, ಟಕ್, ಟಕ್.

ಮನೆಯಲ್ಲಿ ಯಾರೂ ಇರಬಾರದ ಹೊತ್ತು. ಕಳ್ಳನೇ ಸರಿ. ಓಡಿಹೋಗುವುದು ಬುದ್ಧಿವಂತಿಕೆ ಎಂದು ಕಾಲು ಹೇಳಿತು. ಮಾವನಿಗೆ ಗೊತ್ತಾದರೆ ಏನು ಹೇಳಿಯಾರು ಎಂದು ತಲೆ ಹೇಳಿತು. ಕಳ್ಳನಿಗಿಂತ ಮಾವನ ಭಯವೇ ದೊಡ್ಡದಾದ್ದರಿಂದ ಮೂಲೆಯಲ್ಲಿದ್ದ ಕೊಡೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ಮೇಲಿನದು ತೀರಿಹೋದ ಅತ್ತೆಯ ಹೊಲಿಗೆ ಕೋಣೆ. ಈಗ ಅಲ್ಲಿ ಮುಚ್ಚಿಟ್ಟ ಹೊಲಿಗೆ ಯಂತ್ರ, ಇಸ್ತ್ರಿ ಮೇಜು ಮತ್ತು ಆಳೆತ್ತರದ ಒಂದು ಕನ್ನಡಿ ಮಾತ್ರ ಉಳಿದಿದ್ದವು. ಅಳಿಯಂದಿರು ಬಾಗಿಲು ತಳ್ಳಿ, ಕೊಡೆ ಎತ್ತಿ, “ಯಾರದು?” ಎಂದು ಕೂಗಿದರು. ಧ್ವನಿ ಕೀರಲಾಗಿ ಬಂತು.

ಕನ್ನಡಿಯ ಮುಂದೆ ಹಸಿರು ಗೌನೊಂದು ನಿಂತಿತ್ತು. ಅದರ ಮೇಲೆಲ್ಲ ಸಣ್ಣ ಬಿಳಿ ಹೂಗಳು. ಸೊಂಟಕ್ಕೆ ಅದೇ ಬಟ್ಟೆಯ ಪಟ್ಟಿ. ಕೆಳಗೆ ಎತ್ತರದ ಹಿಮ್ಮಡಿಯ ಕಪ್ಪು ಚಪ್ಪಲಿ. ಗೌನು ತಿರುಗಿತು. ಮೇಲ್ಗಡೆ ಮೀಸೆ ಇತ್ತು.

“ಅಟೆನ್ಷನ್!” ಎಂದು ಮೀಸೆ ಗುಡುಗಿತು. ಪಾಪ, ಗಾಬರಿಯಾದಾಗ ಅವರ ಬಾಯಿಗೆ ಬರುತ್ತಿದ್ದದ್ದು ಅದೊಂದೇ ಮಾತು.

ಅಳಿಯಂದಿರು ಕೊಡೆಯನ್ನು ಬಂದೂಕಿನ ಹಾಗೆ ಹೆಗಲಿಗೇರಿಸಿ ನೆಟ್ಟಗೆ ನಿಂತರು.

ಯಾರು ಯಾರಿಗೆ ಮೊದಲು ‘ಸ್ಟ್ಯಾಂಡ್ ಅಟ್ ಈಸ್’ ಹೇಳಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

“ಕಳ್ಳ ಬಂದ ಅಂದ್ಕೊಂಡೆ ಮಾವ,” ಎಂದರು ಅಳಿಯಂದಿರು ಕೊನೆಗೆ.

“ಕಳ್ಳ ಹೈಹೀಲ್ಸ್ ಹಾಕ್ಕೊಂಡು ಬರ್ತಾನೇನ್ರೀ?”

“ಇಲ್ಲ ಮಾವ. ನೀವು ವಾಕಿಂಗ್...”

“ಮುಂದಿನ ಗೇಟಲ್ಲಿ ಹೋಗಿ ಹಿಂದಿನ ಗೇಟಲ್ಲಿ ಬರ್ತೀನಿ. ವಾಕಿಂಗ್ ಇಲ್ಲೇ ಆಗುತ್ತೆ.” ಮಾವ ಇಸ್ತ್ರಿ ಮೇಜಿನ ಅಂಚಿಗೆ ಕೂತರು. ಕೂತಾಗ ಗೌನನ್ನು ಹಿಂದಿನಿಂದ ಸವರಿಕೊಂಡು, ಸುಕ್ಕಾಗದಂತೆ ಕೂತರು. ಅಳಿಯಂದಿರಿಗೆ ಯಾಕೋ ಅದೇ ಎಲ್ಲಕ್ಕಿಂತ ಆಶ್ಚರ್ಯವಾಗಿ ಕಂಡಿತು. “ನಿಮ್ಮತ್ತೆ ಹೊಲಿದದ್ದು ಇದು. ನನ್ನ ಅಳತೆಗೇ ಹೊಲಿದ್ಲು. ಮದುವೆಯಾದ ಹೊಸದರಲ್ಲಿ ಒಂದಿನ ಹೀಗೇ ಸಿಕ್ಕಿಬಿದ್ದಿದ್ದೆ, ಅವಳ ಗೌನಲ್ಲಿ. ಅವಳು ಅಳಲಿಲ್ಲ, ನಗಲಿಲ್ಲ. ‘ಹೊಲಿಗೆ ಬಿಚ್ಚಿಹಾಕ್ತೀರಿ, ತಾಳಿ’ ಅಂತ ಟೇಪು ತಂದು ಎದೆ ಅಳೆದ್ಲು.”

ಅಳಿಯಂದಿರು ಗೌನನ್ನು ಮೇಲಿಂದ ಕೆಳಗೆ ನೋಡಿದರು. “ಬಣ್ಣ ಚೆನ್ನಾಗಿದೆ ಮಾವ,” ಎಂದರು. ಅದು ನಿಜವೂ ಆಗಿತ್ತು.

“ನಲವತ್ತು ವರ್ಷ ಹುಡುಗರಿಗೆ ಎದೆ ಸೆಟೆಸಿ ನಿಲ್ಲಿ ಅಂತ ಕಿರುಚಿದೆ ಕಣ್ರೀ. ಅವರಾದ್ರೂ ಗಂಟೆ ಹೊಡೆದ ಮೇಲೆ ಸಡಿಲ ಬಿಡ್ತಿದ್ರು. ನನಗೆ ಗಂಟೆ ಹೊಡೆಯೋರು ಯಾರು? ಇದನ್ನ ಹಾಕ್ಕೊಂಡಾಗ ಮಾತ್ರ ಮೈಯೆಲ್ಲಾ ಉಸ್ಸಂತ ಸಡಿಲ ಆಗುತ್ತೆ.” ಅವರ ಧ್ವನಿ ಇಳಿಯಿತು. “ಬೀದಿಯವರು ನಕ್ಕರೆ ನಗಲಿ, ಹಾಳಾಗಿ ಹೋಗಲಿ. ಮಗಳಿಗೆ ಮಾತ್ರ ಗೊತ್ತಾಗಬಾರದು ಅಳಿಯಂದ್ರೇ. ಅವಳಿಗೆ ಇರೋದು ಒಬ್ಬ ಅಪ್ಪ. ಅವಳು ನನ್ನ ನೋಡೋ ನೋಟ ಬದಲಾದ್ರೆ ನಾನು ಬದುಕಿದ್ದೂ ಸತ್ತ ಹಾಗೆ. ಮಾತು ಕೊಡಿ.”

ಆ ಮನೆಗೆ ಬಂದ ಮೇಲೆ ಮಾವ ಅವರಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಳಿಯಂದಿರು ಕೊಡೆಯನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದರು. “ಪ್ರಾಣ ಹೋದ್ರೂ ಬಾಯಿ ಬಿಡಲ್ಲ ಮಾವ.”

ಮಾವ ಎದ್ದು ಆ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಎದುರಿನಿಂದ “ಅಯ್ಯಯ್ಯಯ್ಯೋ!” ಎಂಬ ಕೂಗು ಕೇಳಿತು. ಇಬ್ಬರೂ ಕಿಟಕಿಯತ್ತ ನೋಡಿದರು. ಸುರುಳಿ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಕುತ್ತಿಗೆಯಿಂದ ಮೇಲಿನದನ್ನು ಮುಚ್ಚಿ, ಕೆಳಗಿನದನ್ನೆಲ್ಲ ಲೋಕಾರ್ಪಣೆ ಮಾಡಿತ್ತು.

ಮಾವ ಮುಗ್ಗರಿಸದೆ, ಚಪ್ಪಲಿಯ ಸದ್ದೂ ಆಗದ ಹಾಗೆ, ಗೋಡೆಯ ಮರೆಗೆ ಸರಿದರು. ಅಳಿಯಂದಿರು ಪರದೆಯ ಹಗ್ಗ ಎಳೆದರು. ಹಗ್ಗ ಕೈಗೆ ಬಂತು. ಕಿಟಕಿಯ ಬದಿಯಿಂದ ಮುಖವಷ್ಟೇ ಬಗ್ಗಿಸಿ ನೋಡಿದರೆ, ಎದುರುಗಡೆ ಹೊಸ ಗಾಜುಗಳೆರಡು ಫಳಫಳ ಹೊಳೆಯುತ್ತ ಅವರ ಮುಖವನ್ನೇ ನೋಡುತ್ತಿದ್ದವು. ಇನ್ನೇನು ಮಾಡುವುದು? ಅಳಿಯಂದಿರು ನಮಸ್ಕಾರ ಮಾಡಿದರು.

*

ಅಂಗಡಿ ಮುಟ್ಟುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲೇ ಬಂದು ಕಾಲು ಚಾಚಿ ಕೂತಿತ್ತು. ದೊಡ್ಡಮ್ಮ ಹೇಳಿದ್ದು ಒಬ್ಬಳಿಗೇ, ಪಕ್ಕದ ಮನೆಯವಳಿಗೆ. ಆಕೆಯೂ ಹೇಳಿದ್ದು ಒಬ್ಬನಿಗೇ, ತನ್ನ ಗಂಡನಿಗೆ. ಆ ಗಂಡನಿಗೆ ಕನ್ನಡಕದ ಅಂಗಡಿಯ ಪಕ್ಕದಲ್ಲೇ ಕಟಿಂಗ್ ಶಾಪ್ ಇತ್ತು. ಅಲ್ಲಿಂದಾಚೆಗೆ ಲೆಕ್ಕ ತಪ್ಪಿತು.

“ಅಳಿಯಂದ್ರೇ, ಒಂದ್ನಿಮಿಷ ಬನ್ನಿ.” ಕಟಿಂಗ್ ಅಣ್ಣ ಅವರನ್ನು ಒಳಗೆ ಎಳೆದುಕೊಂಡು ಕಿವಿಯಲ್ಲಿ ಪಿಸುಗುಟ್ಟಿದ. ಅವನ ಪಿಸುಮಾತು ಬಸ್ ನಿಲ್ದಾಣಕ್ಕೆ ಕೇಳುತ್ತಿತ್ತು. “ಹಸಿರು ಗೌನಿನ ವಿಷಯ ಗೊತ್ತಾಯ್ತು. ಹೆದರಬೇಡಿ, ನಾನು ಯಾರಿಗೂ ಹೇಳಲ್ಲ.”

“ನಾನೂ ಹೇಳಲ್ಲ,” ಎಂದ ಕುರ್ಚಿಯಲ್ಲಿ ನೊರೆ ಮೆತ್ತಿಕೊಂಡು ಕೂತಿದ್ದ ಗಿರಾಕಿ.

“ನಾವೂ ಅಷ್ಟೇ,” ಎಂದರು ಬೆಂಚಿನ ಮೇಲಿದ್ದವರು.

“ಅಣ್ಣಾ, ಅದು ನೀವಂದ್ಕೊಂಡ ಹಾಗೆ...” ಎಂದು ಶುರು ಮಾಡಿದ ಅಳಿಯಂದಿರು ಅಲ್ಲಿಗೇ ನಿಂತರು. ‘ನಾನಲ್ಲ’ ಎಂದರೆ ಮತ್ಯಾರು ಎಂಬ ಪ್ರಶ್ನೆ ಬರುತ್ತದೆ. ಆ ಮನೆಯಲ್ಲಿರುವ ಗಂಡಸರು ಇಬ್ಬರೇ. ಇಬ್ಬರಲ್ಲಿ ಒಬ್ಬರನ್ನು ಕಳೆಯಲು ಗಣಿತ ಬೇಕಾಗಿಲ್ಲ. “...ಹಾಗೇ ಇರಲಿ ಬಿಡಿ,” ಎಂದು ಮುಗಿಸಿದರು.

“ಅಲ್ಲಾ, ದೇವರಂಥ ಮಾವನ ಮನೇಲಿ ಇದ್ಕೊಂಡು! ಮೇಷ್ಟ್ರಿಗೆ ಗೊತ್ತಾದ್ರೆ ಎದೆ ಒಡೆದುಕೊಳ್ತಾರೆ ಕಣ್ರೀ,” ಎಂದ ಕಟಿಂಗ್ ಅಣ್ಣ.

ಕನ್ನಡಕದ ಅಂಗಡಿಗೆ ಬಂದರೆ ಅಲ್ಲಿನ ಮಾಲೀಕರು ಅವರನ್ನು ಕರೆದು ಗಂಟಲು ಸರಿಮಾಡಿಕೊಂಡರು. “ನಾನೇನು ಹಳೇ ಕಾಲದವನಲ್ಲಪ್ಪ. ಮನೇಲಿ ಯಾರು ಏನಾದ್ರೂ ಹಾಕ್ಕೊಳ್ಳಲಿ. ಆದ್ರೆ ಅಂಗಡಿಗೆ...”

“ಅಂಗಡಿಗೆ ಪ್ಯಾಂಟೇ ಹಾಕ್ಕೊಂಡು ಬಂದಿದೀನಲ್ಲ ಸಾರ್.”

“ಹೌದು, ಅದನ್ನೂ ಗಮನಿಸಿದೆ. ಒಳ್ಳೇದು.” ಮಾಲೀಕರು ಯೋಚಿಸಿದರು. “ಒಂದು ಕೆಲಸ ಮಾಡು. ಇವತ್ತಿಂದ ಹೆಂಗಸರ ಫ್ರೇಮು ನೀನು ನೋಡ್ಕೋ. ಯಾವುದು ಒಪ್ಪುತ್ತೆ ಅಂತ ನಿನಗೆ ಗೊತ್ತಿರುತ್ತೆ.”

ಅಳಿಯಂದಿರಿಗೆ ಗೊತ್ತಿದ್ದದ್ದು ಗಾಜಿನ ನಂಬರು ಮಾತ್ರ. ಆದರೆ ಆ ಬೆಳಿಗ್ಗೆ ಅವರು ಬೆವರುತ್ತ, ತಡವರಿಸುತ್ತ “ಇದು ಚೆನ್ನಾಗಿರಬಹುದು” ಎಂದದ್ದಕ್ಕೆಲ್ಲ ಹೆಂಗಸರು ವೇದವಾಕ್ಯದ ಹಾಗೆ ತಲೆದೂಗಿದರು. ಒಬ್ಬಾಕೆಯಂತೂ ಗಂಡನನ್ನು ತಿವಿದು, “ನೋಡಿ ಕಲೀರಿ,” ಎಂದಳು.

ಎಲ್ಲರೂ ಹಾಗಿರಲಿಲ್ಲ. ವರ್ಷಗಳಿಂದ ಬರುತ್ತಿದ್ದ ಹಳೇ ಗಿರಾಕಿಯೊಬ್ಬರು ಸಡಿಲಾದ ಕನ್ನಡಕವನ್ನು ಅವರ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ಒಂದೇ ಬೆರಳಿನಿಂದ ಮುಂದಕ್ಕೆ ತಳ್ಳಿದರು. ಬಿಗಿ ಮಾಡಿಕೊಟ್ಟಾಗ ಕರವಸ್ತ್ರದಲ್ಲಿ ಹಿಡಿದು ಎತ್ತಿಕೊಂಡರು. ನಕ್ಕವರು ನಕ್ಕು ಹೋಗಿದ್ದರು; ಈ ಬೆರಳು ಮಾತ್ರ ಮಧ್ಯಾಹ್ನದವರೆಗೂ ಅಳಿಯಂದಿರ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಅಷ್ಟು ಅಗಲದ ಎದೆಯ ಮಾವ ಇಷ್ಟು ವರ್ಷ ಯಾವುದಕ್ಕೆ ಹೆದರಿ ಹಿಂದಿನ ಗೇಟಿನಿಂದ ಬರುತ್ತಿದ್ದರೆಂದು ಅವರಿಗೆ ಅರ್ಥವಾಯಿತು.

ಊಟದ ಹೊತ್ತಿಗೆ ಹೆಂಡತಿ ಬಂದಳು. ಕ್ಲಿನಿಕ್ಕಿನ ಮಾಸ್ಕು ಇನ್ನೂ ಕಿವಿಯಲ್ಲಿ ನೇತಾಡುತ್ತಿತ್ತು. ಗಾಜು ಉಜ್ಜುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

“ಬಾಯಿಗೆ ಹತ್ತಿ ತುಂಬಿಸ್ಕೊಂಡು ಕೂತಿದ್ದ ರೋಗಿ ಹತ್ತಿ ತೆಗೆದು ಹೇಳಿದ್ರು ನನಗೆ. ನೀವೇನಾ?”

ಅಳಿಯಂದಿರು ಯಂತ್ರದ ಚಕ್ರ ನೋಡಿದರು.

“ನೀವಾದ್ರೆ ಹೌದು ಅನ್ನಿ. ಅಲ್ಲದಿದ್ರೆ ಅಲ್ಲ ಅನ್ನಿ. ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರೂ ನಿಮಗಿಂತ ಬೇಗ ಬಾಯಿ ಬಿಡ್ತಾರೆ.”

“ಅದೂ... ನೋಡು...”

“ಏನ್ ನೋಡೋದು? ಆ ದೊಡ್ಡಮ್ಮ ಎಲ್ಲಾ ನೋಡಿಬಿಟ್ಟಿದಾರಲ್ಲ.” ಅವಳ ಕಣ್ಣು ತುಂಬಿತು. “ಗೌನು ಹಾಕ್ಕೊಂಡ್ರಿ ಅಂತ ನನಗೆ ಸಿಟ್ಟಿಲ್ಲ ಕಣ್ರೀ. ನಾನು ನಿಮ್ಮ ಹಳೇ ಶರ್ಟು ಹಾಕ್ಕೊಂಡು ಮನೆ ತೊಳೀತೀನಿ, ಯಾರಾದ್ರೂ ಅಯ್ಯಯ್ಯೋ ಅಂದ್ರಾ? ಬಟ್ಟೆ ತಾನೇ. ನನ್ನ ಹತ್ರ ಮುಚ್ಚಿಟ್ರಲ್ಲ, ಅದು ನನಗೆ ಉರಿಯೋದು. ಜೊತೇಲಿ ಬಾಳೋರು ಹೀಗಾ ಮಾಡೋದು?”

“ಹಾಗಾದ್ರೆ,” ಎಂದರು ಅಳಿಯಂದಿರು ಥಟ್ಟನೆ ತಲೆಯೆತ್ತಿ, “ಯಾರಾದ್ರೂ ನಿನ್ನ ಹತ್ರ ನೇರ ಬಂದು ಹೇಳಿದ್ರೆ ನಿನಗೆ ಬೇಜಾರಿಲ್ವಾ?”

“ಯಾರಾದ್ರೂ ಏನು, ನೀವು ಹೇಳಿ ಮೊದ್ಲು!”

ಅಳಿಯಂದಿರು ಮತ್ತೆ ಗಾಜು ಉಜ್ಜತೊಡಗಿದರು. ಅವಳು ಮಾಸ್ಕು ಕಿತ್ತು ಚೀಲಕ್ಕೆ ತುರುಕಿ, “ಸಂಜೆ ಅಪ್ಪನ ಮುಖ ಹೇಗೆ ನೋಡ್ತೀರೋ ನೋಡ್ತೀನಿ,” ಎಂದು ಹೊರಟುಹೋದಳು.

ಸಿಕ್ಕಿತಲ್ಲ ದಾರಿ ಎಂದು ಅಳಿಯಂದಿರ ಮನಸ್ಸು ಕುಣಿಯಿತು. ಮಾವ ಹೆದರುವುದು ಮಗಳಿಗೆ, ಮಗಳಿಗೆ ಬೇಸರವಿಲ್ಲ. ಮಾವ ಒಂದು ಮಾತು ಆಡಿದರೆ ಸಾಕು, ಎಲ್ಲರ ಗಂಟೂ ಬಿಚ್ಚುತ್ತದೆ. ತಲೆನೋವೆಂದು ಹೇಳಿ ಬೇಗ ಮನೆಗೆ ಬಂದರು. ಅದೊಂದು ಸುಳ್ಳಾಗಿರಲಿಲ್ಲ.

ಮಾವ ವರಾಂಡದಲ್ಲಿ ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಬ್ರಷ್ಷು ಕೆಳಗಿಟ್ಟರು.

“ಬಟ್ಟೆ ತಾನೇ ಅಂದ್ಲಾ?”

“ಹಾಗೇ ಅಂದ್ಲು ಮಾವ.”

“ಅವಳಮ್ಮನೂ ಅದೇ ಮಾತು ಅಂದಿದ್ಲು.” ಮಾವ ಬೂಟಿನ ಮೂತಿಯನ್ನು ಬೆರಳಿನಿಂದ ಉಜ್ಜಿದರು. “ಆದ್ರೂ ಗಂಡ ಬೇರೆ, ಅಪ್ಪ ಬೇರೆ ಅಳಿಯಂದ್ರೇ. ಸ್ವಲ್ಪ ಧೈರ್ಯ ಬರಲಿ. ನಾಳೆ ಹೇಳ್ತೀನಿ.”

*

ನಾಳೆಯವರೆಗೆ ಕಾಯಲು ಬೀದಿ ಸಿದ್ಧವಿರಲಿಲ್ಲ. ಅವತ್ತೇ ಸಂಜೆ ಮೇಷ್ಟ್ರ ಅಂಗಳದಲ್ಲಿ ಸಂಘದ ತಿಂಗಳ ಸಭೆ. ಉರಿಯದ ಬೀದಿದೀಪಗಳ ಬಗ್ಗೆ ಮಾತಾಡಬೇಕಿತ್ತು. ಯಾರೂ ದೀಪದ ಸುದ್ದಿ ಎತ್ತಲಿಲ್ಲ. ಸಭೆಗೆ ಎಂದೂ ಬಾರದವರೂ ಮನೆಯಿಂದ ಕುರ್ಚಿ ಹೊತ್ತುಕೊಂಡು ಬಂದಿದ್ದರು.

ಮೇಷ್ಟ್ರು ಅಧ್ಯಕ್ಷರ ಕುರ್ಚಿಯಲ್ಲಿ ಕಂಬದ ಹಾಗೆ ಕೂತರು. ಹೆಂಡತಿ ಬಾಗಿಲಲ್ಲಿ ನಿಂತಳು. ಅಳಿಯಂದಿರಿಗೆ ನಟ್ಟನಡುವೆ ಒಂದು ಸ್ಟೂಲು ಹಾಕಿದ್ದರು.

ದೊಡ್ಡಮ್ಮ ಎದ್ದು ನಿಂತರು. “ನಾನು ಚಾಡಿ ಹೇಳೋಳಲ್ಲ. ಕಂಡದ್ದನ್ನ ಹೇಳ್ತೀನಿ. ಅಳಿಯಂದ್ರು ಮನೆ ಒಳಗೆ ಹೋದ್ರು. ಮೇಷ್ಟ್ರು ವಾಕಿಂಗ್ ಹೋಗಿದ್ರು. ಮೇಲುಗಡೆ ಕಿಟಕೀಲಿ ಹಸಿರು ಗೌನು! ಕುತ್ತಿಗೆಯಿಂದ ಕೆಳಗೆ ಪೂರ್ತಿ ನೋಡಿದೀನಿ. ಇಷ್ಟಗಲ ಎದೆ, ತೋಳ ತುಂಬಾ ಕರಡಿ ಹಾಗೆ ಕೂದಲು. ಆಮೇಲೆ ಇವರೇ ಬಗ್ಗಿ ನನಗೆ ನಮಸ್ಕಾರ ಬೇರೆ ಮಾಡಿದ್ರು.”

ಎಲ್ಲರ ಕಣ್ಣೂ ಅಳಿಯಂದಿರ ತೋಳಿನ ಮೇಲೆ ಬಿತ್ತು. ತೋಳುಗಳು ಸಿಪ್ಪೆ ಸುಲಿದ ಸೌತೆಕಾಯಿಯ ಹಾಗಿದ್ದವು.

“ಬೋಳಿಸ್ಕೊಂಡಿದಾರೆ,” ಎಂದ ಕಟಿಂಗ್ ಅಣ್ಣ ಅನುಭವದಿಂದ. “ಆದ್ರೆ ನಮ್ಮಂಗಡೀಲಿ ಅಲ್ಲ.”

“ಎದೆ?” ಎಂದು ಯಾರೋ ಕೇಳಿದರು.

“ಒಳಗೆ ದಿಂಬು ಇಟ್ಕೊಂಡಿರ್ತಾರೆ,” ಎಂದರು ದೊಡ್ಡಮ್ಮ.

ಅದೂ ಇತ್ಯರ್ಥವಾಯಿತು. ಮುಂದೆ ಸಲಹೆಗಳು ಬಂದವು. ಡಾಕ್ಟರಿಗೆ ತೋರಿಸಬೇಕೆಂದು ಒಬ್ಬರು. ಇದಕ್ಕೆ ಡಾಕ್ಟರು ಸಾಲದು, ತಣ್ಣೀರು ಸ್ನಾನವೇ ಮದ್ದೆಂದು ಇನ್ನೊಬ್ಬರು. ಅವರ ಪಾಡಿಗೆ ಬಿಡಿ, ನಮ್ಮ ಗಂಟೇನು ಹೋಯಿತು ಎಂದು ಹಿಂದಿನ ಸಾಲಿನಿಂದ ಒಂದು ಮೆಲುದನಿ ಬಂತು. ಅದು ಯಾರದೆಂದು ತಿರುಗಿ ನೋಡಿದಾಗ ಯಾರೂ ಒಪ್ಪಿಕೊಳ್ಳಲಿಲ್ಲ. ಕೊನೆಗೆ ಕಟಿಂಗ್ ಅಣ್ಣ ಎದ್ದ.

“ನಮಗೆ ಅಳಿಯಂದ್ರ ಮೇಲೆ ದ್ವೇಷ ಇಲ್ಲ. ಆದ್ರೆ ಮೇಷ್ಟ್ರ ಮಾನ ನಮ್ಮೆಲ್ಲರ ಮಾನ. ಅಳಿಯಂದ್ರು ಸ್ವಲ್ಪ ತಿಂಗಳು ಬೇರೆ ಎಲ್ಲಾದ್ರೂ ಒಂದು ರೂಮು ಮಾಡ್ಕೊಂಡು ಇರಲಿ. ಒಬ್ಬರೇ. ಸರಿಹೋದ ಮೇಲೆ ಬರಲಿ. ಒಪ್ಪಿಗೆ ಇರೋರು ಕೈ ಎತ್ತಿ.”

ಕೈಗಳು ಏಳತೊಡಗಿದವು. ಅಳಿಯಂದಿರು ಹೆಂಡತಿಯ ಕಡೆ ನೋಡಿದರು. ಅವಳು ಸೆರಗೋ ಕರವಸ್ತ್ರವೋ ಏನೂ ಸಿಗದೆ ಅಂಗೈಯಿಂದಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಈಗ ಒಂದು ಮಾತು ಆಡಿದರೆ ಮನೆ ಉಳಿಯುತ್ತದೆ, ಹೆಂಡತಿ ಉಳಿಯುತ್ತಾಳೆ. ಬೆಳಿಗ್ಗೆ ಹಿಡಿದ ಮಾವನ ಕೈಯ ಬಿಸಿ ಅಂಗೈಯಲ್ಲಿ ಇನ್ನೂ ಇದ್ದಂತಿತ್ತು. ಅಳಿಯಂದಿರು ಅದನ್ನು ಮುಷ್ಟಿ ಕಟ್ಟಿ ಸುಮ್ಮನೆ ಕೂತರು.

“ಕೈ ಇಳಿಸಿ!”

ಎಲ್ಲ ಕೈಗಳೂ ಒಟ್ಟಿಗೇ ಇಳಿದವು. ಮೇಷ್ಟ್ರು ಎದ್ದು ನಿಂತಿದ್ದರು. ಮೀಸೆ ನಡುಗುತ್ತಿತ್ತು.

“ಅದು ನಾನು.”

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಆ ಗೌನು ನನ್ನದು. ಕಿಟಕೀಲಿದ್ದವನು ನಾನು. ಅಳಿಯಂದ್ರು ಊಟದ ಡಬ್ಬಿ ತಗೊಳ್ಳೋಕೆ ಬಂದೋರು. ನನಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಬಿಟ್ಟಿಲ್ಲ. ಮದುವೆಯಾದಾಗಿಂದ ಹಾಕ್ಕೊಳ್ತಿದೀನಿ. ಹಾಕ್ಕೊಂಡ್ರೆ ನನಗೆ ಹಿತ ಅನ್ಸುತ್ತೆ. ಮಗಳೇ, ತಪ್ಪು ತಿಳ್ಕೋಬೇಡಮ್ಮ.”

ಅಳಿಯಂದಿರು ದೊಡ್ಡದೊಂದು ಉಸಿರು ಬಿಟ್ಟರು. ಬೆಳಗಿನಿಂದ ಒಳಗೇ ಹಿಡಿದಿಟ್ಟ ಉಸಿರು.

ಮೊದಲು ಬಿಕ್ಕಿದವಳು ಹೆಂಡತಿ. “ಅಪ್ಪಾ!” ಎಂದು ಓಡಿಬಂದು ಅವರನ್ನು ತಬ್ಬಿಕೊಂಡಳು. “ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ ನೀವು. ಇವರಿಗೋಸ್ಕರ ಇಂಥ ಸುಳ್ಳು ಹೇಳ್ತೀರಲ್ಲಪ್ಪಾ!”

“ಸುಳ್ಳಲ್ಲಮ್ಮ, ನಿಜ.”

“ಎಂಥಾ ದೊಡ್ಡ ಮನಸ್ಸು!” ಎಂದು ಕಟಿಂಗ್ ಅಣ್ಣ ಕಣ್ಣೊರೆಸಿಕೊಂಡ. “ಅಳಿಯನ ಮಾನ ಉಳಿಸೋಕೆ ತಮ್ಮ ಮಾನಾನೇ ಕೊಡ್ತಿದಾರೆ!”

“ಏಯ್, ನಾನು ನಿಜ ಹೇಳ್ತಿದೀನಿ ಕಣಯ್ಯಾ!”

“ಬೇಡ ಮೇಷ್ಟ್ರೇ,” ಎಂದರು ದೊಡ್ಡಮ್ಮ ಮೃದುವಾಗಿ. “ಆ ಹೊತ್ತಿಗೆ ನೀವು ವಾಕಿಂಗ್ ಹೋಗಿದ್ರಿ. ನಿಮ್ಮ ಗೇಟಿನ ಸದ್ದು ಕೇಳೇ ನಾವು ಗಡಿಯಾರ ಇಟ್ಟದ್ದು.”

ಮೇಷ್ಟ್ರ ಮುಖ ಕೆಂಪಾಯಿತು. ಅವರ ಮಾತನ್ನು ಈ ಬೀದಿ ನಂಬದೇ ಇದ್ದದ್ದು ಅದೇ ಮೊದಲು. “ನಿಲ್ಲಿ ಎಲ್ಲರೂ!” ಎಂದು ಗುಡುಗಿ ದಡದಡ ಮೆಟ್ಟಿಲು ಹತ್ತಿದರು.

ಕೆಳಗಿಳಿದು ಬಂದಾಗ ಮೈಮೇಲೆ ಹಸಿರು ಗೌನಿತ್ತು. ಬೆನ್ನ ಹಿಂದಿನ ಗುಂಡಿಗಳನ್ನು ಒಂದೂ ತಪ್ಪದಂತೆ ತಾವೇ ಹಾಕಿಕೊಂಡಿದ್ದರು. ಗೌನು ಅವರ ಎದೆಗೂ ಹೆಗಲಿಗೂ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕೂತಿತ್ತು. ಅಂಗಳದ ಈ ತುದಿಯಿಂದ ಆ ತುದಿಗೆ, ಎತ್ತರದ ಹಿಮ್ಮಡಿಯ ಮೇಲೆ, ಎದೆ ಮುಂದೆ, ಗದ್ದ ಮೇಲೆ, ಟಕ್ ಟಕ್ ಟಕ್ ಎಂದು ನಡೆದರು. ಗೋಡೆಯ ಹತ್ತಿರ ಅಬೌಟ್ ಟರ್ನ್ ಮಾಡಿದರು. ಗೌನಿನ ಅಂಚು ಕೊಡೆಯ ಹಾಗೆ ಬಿಚ್ಚಿ, ಅಷ್ಟೇ ಅಚ್ಚುಕಟ್ಟಾಗಿ ಇಳಿಯಿತು. ನೋಡಿದ ಹೆಂಗಸರಲ್ಲಿ ಒಬ್ಬಿಬ್ಬರಿಗೆ ಹೊಟ್ಟೆಕಿಚ್ಚೂ ಆಯಿತು.

ನಡುವೆ ಬಂದು ನಿಂತು, “ಈಗೇನಂತೀರಿ?” ಎಂದರು.

ಅಂಗಳ ಚಪ್ಪಾಳೆಯಿಂದ ಮೊಳಗಿತು.

“ನೋಡಿ, ನೋಡಿ! ಅಳಿಯನಿಗೋಸ್ಕರ ಅಭ್ಯಾಸ ಬೇರೆ ಮಾಡ್ಕೊಂಡಿದಾರೆ, ಬೆಳಿಗ್ಗೆಯಿಂದ!” ಕಟಿಂಗ್ ಅಣ್ಣ ಕುರ್ಚಿಯ ಮೇಲೆ ಹತ್ತಿ ನಿಂತ. “ಈ ವಯಸ್ಸಲ್ಲಿ! ಆ ಚಪ್ಪಲೀಲಿ!”

“ಇಂಥವರೇ ಹಾಕ್ಕೊಂಡ ಮೇಲೆ ನಾವು ಆಡ್ಕೊಳ್ಳೋಕೆ ಯಾರು?” ಎಂದರು ದೊಡ್ಡಮ್ಮ. “ಅಳಿಯಂದ್ರು ಎಲ್ಲಿಗೂ ಹೋಗೋದು ಬೇಡ. ಮೇಷ್ಟ್ರೇ, ಅಳಿಯಂದ್ರಿಗೆ ಸಂಕೋಚ ಹೋಗೋವರೆಗೂ ನೀವು ದಿನಾ ಸಂಜೆ ಹೀಗೇ ನಮ್ಮ ಬೀದೀಲಿ ಒಂದು ಸುತ್ತು ಬನ್ನಿ. ನಗೋರು ಯಾರಿದಾರೆ ನಾನೂ ನೋಡ್ತೀನಿ.”

ಕೈಗಳು ಎದ್ದವು. ಈ ಸಲ ಎಲ್ಲವೂ. ನಿರ್ಣಯ ಪಾಸಾಯಿತು.

ಮೇಷ್ಟ್ರು ಬೆರಗಾಗಿ ನಿಂತಿದ್ದರು. ಸಂಜೆಯ ಗಾಳಿಗೆ ಗೌನಿನ ಅಂಚು ಅಲ್ಲಾಡಿತು. ಕೋಣೆಯ ಹೊರಗೆ, ಆಕಾಶದ ಕೆಳಗೆ, ಅದನ್ನು ಹಾಕಿಕೊಂಡು ಅವರು ನಿಂತದ್ದು ಅದೇ ಮೊದಲು. ಎದೆ ತಾನಾಗಿ ಸಡಿಲವಾಯಿತು. ಅಳಿಯಂದಿರ ಹತ್ತಿರ ಬಂದು ಬಗ್ಗಿದರು.

“ನಾನು ನಿಜ ಹೇಳಿದೆ ಅಳಿಯಂದ್ರೇ. ನೀವೇ ಸಾಕ್ಷಿ. ನಂಬದಿದ್ರೆ ನಾನೇನು ಮಾಡಲಿ?”

“ಇನ್ನೊಂದ್ಸಲ ಹೇಳಿ ನೋಡಿ ಮಾವ,” ಎಂದು ಅಳಿಯಂದಿರು ಅಂಗಲಾಚಿದರು.

“ಹೇಳಿದ್ರೆ ಇನ್ನೂ ಚಪ್ಪಾಳೆ ತಟ್ತಾರೆ ಕಣ್ರೀ.” ಮಾವನ ಮೀಸೆಯಡಿ ಸಣ್ಣ ನಗು ಹಾದುಹೋಯಿತು. “ನಾಳೆ ಸಂಜೆಗೆ ನೀಲಿ ಗೌನು ತೆಗೀಲಾ? ಅದೂ ಇದೆ ಒಂದು.”

ಅಳಿಯಂದಿರು ಉತ್ತರ ಕೊಡುವ ಮೊದಲೇ ಅವರ ಮೇಲೆ ನೆರಳು ಬಿತ್ತು. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಅವಳ ಹಿಂದೆ ಇಡೀ ಬೀದಿ ನಿಂತಿತ್ತು.

“ಅಪ್ಪ ನಿಮಗೋಸ್ಕರ ಇಷ್ಟೆಲ್ಲಾ ಮಾಡಿದಾರೆ. ನೀವು ನೋಡಿದ್ರೆ ಹಾಯಾಗಿ ಪ್ಯಾಂಟು ಹಾಕ್ಕೊಂಡು ಕೂತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?”

“ಏಳಿ ಅಳಿಯಂದ್ರೇ, ಹಾಕ್ಕೊಂಡು ಬನ್ನಿ,” ಎಂದ ಕಟಿಂಗ್ ಅಣ್ಣ ಬೆನ್ನು ತಟ್ಟುತ್ತ. “ನಾವೆಲ್ಲಾ ಇದೀವಿ.”

“ನನಗೆ ಹಾಕ್ಕೊಳ್ಳೋಕೆ ಬರಲ್ಲ!” ಎಂದು ಅಳಿಯಂದಿರು ಬೆಳಗಿನಿಂದ ಮೊದಲ ಬಾರಿಗೆ ಕೂಗಿ ಹೇಳಿದರು.

ಎಲ್ಲರೂ ಅವರನ್ನು ಪ್ರೀತಿಯಿಂದ ನೋಡಿದರು. ನ್ಯಾಯ ಕೇಳುವ ಮುಖದಲ್ಲಿ ಅವರು ಮಾವನತ್ತ ತಿರುಗಿದರು. ಮಾವ ಅಸಹಾಯಕರಾಗಿ ಹೆಗಲು ಹಾರಿಸಿ, “ಹಿಮ್ಮಡಿ ಮೊದ್ಲು ಊರಿ, ಮೊಣಕಾಲು ಬಗ್ಗಿಸಬೇಡಿ,” ಎಂದು ಪಿಸುಗುಟ್ಟಿದರು.

ಹೆಂಡತಿಯ ಹಳದಿ ಗೌನಿನಲ್ಲಿ ಅಳಿಯಂದಿರು ಹೊರಗೆ ಬಂದಾಗ ಬೆನ್ನಿಗಿರಬೇಕಾದ ಗುಂಡಿಗಳು ಎದೆಯ ಮೇಲಿದ್ದವು. ಮೊದಲ ಹೆಜ್ಜೆಗೆ ಅವಳದೇ ಹೈಹೀಲ್ಸ್ ಚಪ್ಪಲಿ ಮಗುಚಿತು. ಎರಡನೆಯ ಹೆಜ್ಜೆಗೆ ಅಳಿಯಂದಿರೇ ಮಗುಚಿ ಮಾವನ ಕಾಲ ಬಳಿ ಬಿದ್ದರು.

ದೊಡ್ಡಮ್ಮ ಓಡಿಬಂದು ಅವರ ತಲೆ ನೇವರಿಸಿದರು.

“ಪಾಪ, ನಮ್ಮೆದುರಿಗೆ ನಾಚ್ಕೊಂಡು ಬಿದ್ದೇಬಿಟ್ರು. ಬೆಳಿಗ್ಗೆ ಕಿಟಕೀಲಿ ಎಷ್ಟು ಚೆನ್ನಾಗಿ ನಡೀತಿದ್ರು ಗೊತ್ತಾ!”